ಯಾವ ಮೀನಿಗೆ ಈ ಬಲೆ?

ಪಿಯುಸಿ ಓದುವ ಹುಡುಗನೊಬ್ಬ ಇಂಗ್ಲಿಷ್ ಪತ್ರಿಕೆಯ ಸುದ್ದಿಯೊಂದನ್ನು ಅನುವಾದಿಸಿ ತಂದಿದ್ದ. ತನಿಖಾಧಿಕಾರಿಗಳು ನಡೆಸುತ್ತಿರುವುದು ಬರೀ 'ಫಿಶಿಂಗ್ ಎಕ್ಸ್‌ಪೆಡಿಷನ್' ಎಂದು ಕಂಪನಿಯೊಂದರ ವಕೀಲರು ಟೀಕಿಸಿದ್ದರು. ಹುಡುಗ ಬರೆದದ್ದು: 'ಅಧಿಕಾರಿಗಳು ಮೀನು ಹಿಡಿಯಲು ಹೋಗಿದ್ದಾರೆ'. ಇದು ನುಡಿಗಟ್ಟು ಎಂದು ಹೇಳಿದ ಮೇಲೆ ನಾಚಿಕೊಂಡು ತಿದ್ದಿದ: 'ಅಧಿಕಾರಿಗಳು ಬಲೆ ಬೀಸಿದ್ದಾರೆ'. ಮೊದಲನೆಯದು ನಗೆ ತರಿಸುವ ತಪ್ಪು. ಎರಡನೆಯದು ಸರಿಯೆಂದೇ ಕಾಣುವ ತಪ್ಪು.

ಹೇಗೆ ತಪ್ಪು? 'ತಲೆಮರೆಸಿಕೊಂಡಿರುವ ಆರೋಪಿಗಾಗಿ ಪೊಲೀಸರು ಬಲೆ ಬೀಸಿದ್ದಾರೆ' ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ಅಲ್ಲಿ ಅಪರಾಧ ನಡೆದಿದೆ, ದೂರು ದಾಖಲಾಗಿದೆ, ಬೇಕಾದ ಮೀನು ಯಾವುದೆಂದೂ ಗೊತ್ತಿದೆ. ಇಂಗ್ಲಿಷಿನ ನುಡಿಗಟ್ಟಿನಲ್ಲಿ ಮೀನೇ ಗೊತ್ತಿಲ್ಲ. ಯಾವ ಆಧಾರವೂ ಇಲ್ಲದೆ, ಏನಾದರೊಂದು ಸಿಕ್ಕೀತು ಎಂಬ ಆಸೆಯಿಂದ ಇನ್ನೊಬ್ಬರ ಕಾಗದಪತ್ರ, ಲೆಕ್ಕಪತ್ರ, ಮನೆಮಠಗಳನ್ನೆಲ್ಲ ಜಾಲಾಡುವುದಕ್ಕೆ ಈ ಹೆಸರು. 'ಎಕ್ಸ್‌ಪೆಡಿಷನ್' ಎಂದರೆ ಹಿಮಾಲಯಕ್ಕೋ ಅಂಟಾರ್ಕ್ಟಿಕಕ್ಕೋ ಹೊರಡುವಂಥ ಭಾರೀ ಸಾಹಸಯಾತ್ರೆ. ಅಷ್ಟು ಸಜ್ಜಾಗಿ ಹೊರಟು ಸಿಕ್ಕಿದ್ದನ್ನು ಬಾಚುವುದೇ ಎಂಬ ವ್ಯಂಗ್ಯ ಅದರಲ್ಲಿದೆ.

ನಮ್ಮಲ್ಲೂ ಒಂದು ಗಾದೆಯಿದೆ. 'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ.' ಗಾದೆ ಕೇಳಿದವರು ನಗುವುದು ಹೆಗಲು ಮುಟ್ಟಿಕೊಂಡವನನ್ನು ನೋಡಿ. ಕೂಗಿದವನ ಬಳಿ ಪುರಾವೆ ಏನಿತ್ತು ಎಂದು ನಾವು ಕೇಳುವುದೇ ಇಲ್ಲ. ಇಂಗ್ಲಿಷಿನ ನುಡಿಗಟ್ಟು ಕೇಳುವುದು ಆ ಪ್ರಶ್ನೆಯನ್ನೇ.

<b>ಬಳಸುವ ಬಗೆ</b>

ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳು ಮೂರು. ಒಂದು, ಇದು ಆಕ್ಷೇಪಣೆಯ ಮಾತು. ತನಿಖೆಗೆ ಒಳಗಾದವರು ಅಥವಾ ಟೀಕಾಕಾರರು ಬಳಸುತ್ತಾರೆ. ತನಿಖೆ ಮಾಡುವವರು ತಮ್ಮ ಕೆಲಸವನ್ನು ಸಾಮಾನ್ಯವಾಗಿ ಹೀಗೆ ಕರೆದುಕೊಳ್ಳುವುದಿಲ್ಲ. ಎರಡು, ಇದರ ಹಿಂದೆ 'ಎ' ಎಂಬ ಉಪಪದ ಬರುತ್ತದೆ. 'ಗೋ ಆನ್ ಎ ಫಿಶಿಂಗ್ ಎಕ್ಸ್‌ಪೆಡಿಷನ್' ಎನ್ನುವುದು ರೂಢಿ. ಮೂರು, 'ವೈಲ್ಡ್ ಗೂಸ್ ಚೇಸ್' ಜೊತೆ ಇದನ್ನು ಬೆರೆಸಬಾರದು. ಅಲ್ಲಿ ಬೇಕಾದದ್ದು ಏನೆಂದು ಗೊತ್ತು, ಸಿಗುವುದಿಲ್ಲ ಅಷ್ಟೆ. ಇಲ್ಲಿ ಏನು ಬೇಕೆಂಬುದೇ ಗೊತ್ತಿಲ್ಲ.

<b>ನ್ಯಾಯಾಲಯದಲ್ಲಿ</b>

ಈ ಮಾತು ಹೆಚ್ಚಾಗಿ ಕೇಳಿಬರುವುದು ನ್ಯಾಯಾಲಯಗಳಲ್ಲಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ತಂಬಾಕು ಕಂಪನಿಗಳು 1921ನೇ ಇಸವಿಯಿಡೀ ತಮ್ಮ ಸಗಟು ಗಿರಾಕಿಗಳೊಂದಿಗೆ ನಡೆಸಿದ ಪತ್ರ ಮತ್ತು ತಂತಿ ವ್ಯವಹಾರವನ್ನೆಲ್ಲ ತೋರಿಸುವಂತೆ ಕೇಳಿತು. 1924ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಅಪರಾಧದ ಸುಳಿವು ಇದ್ದರೂ ಇರಬಹುದೆಂದು ಖಾಸಗಿ ಕಾಗದಗಳಲ್ಲಿ ಮೀನು ಹಿಡಿಯಲು ಬಿಡಲಾಗದು ಎಂಬ ಅರ್ಥದಲ್ಲಿ ನ್ಯಾಯಮೂರ್ತಿ ಹೋಮ್ಸ್ ತೀರ್ಪು ಬರೆದರು.

ನಮ್ಮ ನ್ಯಾಯಾಲಯಗಳು 'ರೋವಿಂಗ್ ಅಂಡ್ ಫಿಶಿಂಗ್ ಎನ್‌ಕ್ವೈರಿ' ಎನ್ನುತ್ತವೆ. ರಾಮ್ ಸೇವಕ್ ಯಾದವ್ ಪ್ರಕರಣದಲ್ಲಿ (1964) ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಮತಪತ್ರಗಳನ್ನು ತೆರೆದು ನೋಡುವ ಪ್ರಶ್ನೆ. ಚುನಾವಣಾ ತಕರಾರು ಅರ್ಜಿಯಲ್ಲಿ ಸ್ಪಷ್ಟ ಸಂಗತಿಗಳಿಲ್ಲದಿರುವಾಗ, ಸಾಕ್ಷ್ಯವನ್ನು ಹುಡುಕಿ ತೆಗೆಯುವುದಕ್ಕಾಗಿಯೇ ಮತಪತ್ರ ಪರಿಶೀಲನೆಗೆ ಅವಕಾಶ ಕೊಡಲಾಗದು ಎಂದು ಅದು ಹೇಳಿತು.

ಹಾಗೆಂದು ಪ್ರತಿ ತನಿಖೆಯನ್ನೂ ಹೀಗೆ ಹಳಿದು ನುಣುಚಿಕೊಳ್ಳುವಂತಿಲ್ಲ. ಎದುರು ಪಕ್ಷದ ವಾದಕ್ಕೆ ಆಧಾರವಾದ ಸಂಗತಿಗಳನ್ನು ವಿಚಾರಿಸುವುದನ್ನು ಈ ಹಳೆಯ ಕೂಗಿನಿಂದ ತಡೆಯಲಾಗದು ಎಂದು 1947ರಲ್ಲಿ ಅಮೆರಿಕದ ಅದೇ ಕೋರ್ಟ್ ಹೇಳಿತು.

<b>ಸತ್ತ ಮೀನಿನ ಪಾಠ</b>

ವಿಜ್ಞಾನದಲ್ಲೂ ಈ ಮಾತಿದೆ. ಏನನ್ನು ಪರೀಕ್ಷಿಸಬೇಕೆಂದು ಮೊದಲೇ ನಿರ್ಧರಿಸದೆ, ಅಂಕಿಅಂಶಗಳ ರಾಶಿಯಲ್ಲಿ ಕೈಯಾಡಿಸುತ್ತಾ ಹೋದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ನೂರಕ್ಕೆ 5ರಷ್ಟು ತಪ್ಪಾಗುವ ಸಂಭವವಿರುವ ಪರೀಕ್ಷೆಯನ್ನು 20 ಸಲ ಮಾಡಿದರೆ, ಏನೂ ಇಲ್ಲದ ಕಡೆಯೂ ಸರಾಸರಿ ಒಂದು ಸಲ 'ಇದೆ' ಎಂಬ ಉತ್ತರ ಬರುತ್ತದೆ.

ಇದನ್ನು ತೋರಿಸಲು ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಆರಿಸಿಕೊಂಡದ್ದು ಮೀನನ್ನೇ! ಸತ್ತ ಸಾಲ್ಮನ್ ಮೀನೊಂದನ್ನು ಮಿದುಳಿನ ಚಟುವಟಿಕೆ ಅಳೆಯುವ ಸ್ಕ್ಯಾನರಿನಲ್ಲಿಟ್ಟು, ಮನುಷ್ಯರ ಚಿತ್ರಗಳನ್ನು ತೋರಿಸಿ, ಅವರ ಭಾವನೆ ಏನೆಂದು ಕೇಳಿದರು. ಸಾವಿರಾರು ಬಿಂದುಗಳಲ್ಲಿ ಕೆಲವು 'ಚುರುಕಾದಂತೆ' ಕಂಡವು. ಅಷ್ಟೊಂದು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿದ್ದಕ್ಕೆ ತಕ್ಕ ತಿದ್ದುಪಡಿ ಮಾಡಿದೊಡನೆ ಅವು ಮಾಯವಾದವು. 2009ರಲ್ಲಿ ಪ್ರಕಟಪಡಿಸಿದ ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ನಗಿಸಿ, ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು.

<b>ಮನೆಯೊಳಗೆ</b>

ಕೊನೆಯಲ್ಲಿ ಪಾಲಕರಿಗೆ ಒಂದು ಮಾತು. ಮಗಳು ಸ್ನಾನಕ್ಕೆ ಹೋದಾಗ ಅವಳ ಚೀಲ ತೆರೆಯುತ್ತೇವೆ. ಮಗ ಮಲಗಿದ ಮೇಲೆ ಅವನ ಮೊಬೈಲು ಕೈಗೆತ್ತಿಕೊಳ್ಳುತ್ತೇವೆ. 'ಏನು ಹುಡುಕುತ್ತಿದ್ದೀರಿ?' ಎಂದು ಯಾರಾದರೂ ಕೇಳಿದರೆ ಉತ್ತರವಿರುವುದಿಲ್ಲ. ಗೆಳತಿಯ ಚೀಟಿಯೋ ಸಿನಿಮಾ ಟಿಕೆಟ್ಟೋ ಸಿಕ್ಕೀತು. ಅನುಮಾನದ ಕಣ್ಣಿಗೆ ಅದೇ ದೊಡ್ಡ ಮೀನಾಗಿ ಕಾಣುತ್ತದೆ. ಏನೂ ಸಿಗದಿದ್ದರೂ, ಮಗುವಿಗೆ ಈ ತಪಾಸಣೆ ತಿಳಿದ ದಿನ ನಂಬಿಕೆ ಹೋಗುತ್ತದೆ.

ಮಗು ಊಟ ಬಿಟ್ಟಿದ್ದರೆ, ಅಂಕ ಕುಸಿದಿದ್ದರೆ, ಮುಖ ಬಾಡಿದ್ದರೆ ವಿಚಾರಿಸಲೇಬೇಕು. ಅದು ಹೆತ್ತವರ ಕರ್ತವ್ಯ. ಆಗ ಚೀಲಕ್ಕೆ ಕೈಹಾಕುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಯಾವ ಕಾರಣವೂ ಇಲ್ಲದೆ ಕೈ ಚೀಲದತ್ತ ಹೋದಾಗ, ಯಾವ ಮೀನಿಗಾಗಿ ಈ ಬಲೆ ಎಂದು ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ.