ಹೆಸರು ಮತ್ತು ವಿಳಾಸ: ಕಂಟೇನರ್ ಕ್ಲಸ್ಟರಿನಲ್ಲಿ ಸೇವೆಗಳ ವಿಳಾಸಶೋಧನೆ (ಬಾಗಲಕೋಟೆ ಪರಿಸರದ ಸ್ಥಳನಾಮಗಳ ಹಿನ್ನೆಲೆಯಲ್ಲಿ)

ಜೇಮ್ಸ್ ಬರ್ಜೆಸ್ 1874ರಲ್ಲಿ ಬಾದಾಮಿ, ಪಟ್ಟದಕಲ್ಲು ಹಾಗೂ ಐಹೊಳೆಗಳ ಸ್ಮಾರಕಗಳನ್ನು ಪರಿಶೀಲಿಸಿ ಬರೆದ ವರದಿಯಲ್ಲಿ ಈ ಊರುಗಳು ಕಲಾದಗಿ ಜಿಲ್ಲೆಗೆ ಸೇರಿವೆ. 1885ರಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು. ಅನಂತರದ ಶಾಸನ ಸಂಪುಟಗಳಲ್ಲಿ ಅವೇ ಊರುಗಳು ವಿಜಾಪುರ ಜಿಲ್ಲೆಯವು. 1956ರವರೆಗೆ ಮುಂಬಯಿ ಆಡಳಿತ, ಬಳಿಕ ಮೈಸೂರು ರಾಜ್ಯ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. 2014ರಲ್ಲಿ ವಿಜಾಪುರವೇ ವಿಜಯಪುರವಾಯಿತು. ಹುನಗುಂದ ತಾಲೂಕಿನಲ್ಲಿದ್ದ ಇಳಕಲ್ ಈಗ ಸ್ವತಃ ಒಂದು ತಾಲೂಕು. ಊರುಗಳು ಇದ್ದಲ್ಲಿಯೇ ಇವೆ. ಅವುಗಳ ಮುಂದೆ ಬರೆಯುವ ಆಡಳಿತದ ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಗಿದೆ.

ಬಾಗಲಕೋಟೆ ಪಟ್ಟಣದ್ದು ಇದಕ್ಕೆ ತಿರುವುಮುರುವಾದ ಉದಾಹರಣೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಪಟ್ಟಣದ ಭಾಗಗಳು ಮುಳುಗಡೆಯಾದಾಗ ಮನೆ, ಕಚೇರಿ, ಅಂಗಡಿಗಳು ನವನಗರಕ್ಕೆ ಸ್ಥಳಾಂತರಗೊಂಡವು. ಇಲ್ಲಿ ನೆಲವೇ ಬದಲಾಯಿತು, ಬಾಗಲಕೋಟೆ ಎಂಬ ಹೆಸರು ಉಳಿಯಿತು. ಮುಳುಗಿದ ಓಣಿಯ ಗುರುತು ಹಿಡಿದು ಅಂಗಡಿಯನ್ನು ಹುಡುಕುವವನು ನೀರಿನ ಅಂಚಿಗೆ ಬಂದು ನಿಲ್ಲುತ್ತಾನೆ. ಅಂಗಡಿಯ ಹೆಸರು ಹೇಳಿ ಕೇಳುವವನು ನವನಗರದ ಸೆಕ್ಟರನ್ನು ತಲುಪುತ್ತಾನೆ. ಇಂದಿನ ಗಣಕಯಂತ್ರಗಳ ಸಮೂಹದಲ್ಲಿ ಇಂತಹ ಸ್ಥಳಾಂತರವು ದಿನಕ್ಕೆ ಹಲವು ಬಾರಿ, ಯಾರಿಗೂ ತಿಳಿಸದೆ ನಡೆಯುತ್ತದೆ. ಅದರ ನಡುವೆಯೂ ಒಂದು ತಂತ್ರಾಂಶವು ಇನ್ನೊಂದನ್ನು ಹೇಗೆ ಕಂಡುಕೊಳ್ಳುತ್ತದೆ, ಆ ಏರ್ಪಾಟನ್ನು ಹೇಗೆ ಮಾಡಬೇಕು ಎಂಬುದು ಪ್ರಸ್ತುತ ಲೇಖನದ ವಿಷಯ. ಹಸ್ತಪ್ರತಿ ಹಾಗೂ ಶಾಸನಗಳ ಗಣಕೀಕೃತ ಸಂಗ್ರಹಗಳನ್ನು ತಾವೇ ನಡೆಸಹೊರಟಿರುವ ಗ್ರಂಥಾಲಯಗಳಿಗೆ ಇದು ಕೇವಲ ತಂತ್ರಜ್ಞರಿಗೆ ಬಿಟ್ಟುಕೊಡಬಹುದಾದ ಸಂಗತಿಯಲ್ಲ. ವಿಳಾಸಶೋಧನೆ ಕೆಟ್ಟರೆ ಕಡತಗಳೆಲ್ಲ ಸುರಕ್ಷಿತವಾಗಿದ್ದೂ ಓದುಗನಿಗೆ ಒಂದೂ ದೊರೆಯುವುದಿಲ್ಲ.

ಕಂಟೇನರ್ ಎಂದರೆ ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಎಲ್ಲ ಪರಿಕರಗಳೊಡನೆ ಕಟ್ಟಿ, ಇತರ ತಂತ್ರಾಂಶಗಳಿಂದ ಪ್ರತ್ಯೇಕವಾಗಿ ಓಡಿಸುವ ವಿಧಾನ. ಹಲವು ಯಂತ್ರಗಳನ್ನು ಒಂದುಗೂಡಿಸಿ ಅವುಗಳ ಮೇಲೆ ಕಂಟೇನರುಗಳನ್ನು ಹಂಚಿ ನಡೆಸುವ ಏರ್ಪಾಟು ಕ್ಲಸ್ಟರ್. ಗೂಗಲ್ ಸಂಸ್ಥೆಯು 2014ರಲ್ಲಿ ಪ್ರಕಟಪಡಿಸಿದ ಕುಬರ್ನೆಟೀಸ್ ಈ ಬಗೆಯ ವ್ಯವಸ್ಥೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಅದರಲ್ಲಿ ಕಂಟೇನರುಗಳು ಪಾಡ್ ಎಂಬ ಘಟಕದೊಳಗೆ ವಾಸಿಸುತ್ತವೆ. ಪ್ರತಿ ಪಾಡ್‌ಗೂ ತನ್ನದೇ ಆದ ಐಪಿ ವಿಳಾಸ ದೊರೆಯುತ್ತದೆ. ಯಂತ್ರ ಕೆಟ್ಟರೆ, ತಂತ್ರಾಂಶದ ಹೊಸ ಆವೃತ್ತಿ ಬಂದರೆ, ಹಳೆಯ ಪಾಡ್ ಅಳಿದು ಹೊಸದು ಹುಟ್ಟುತ್ತದೆ, ವಿಳಾಸವೂ ಹೊಸದಾಗುತ್ತದೆ. ಆದುದರಿಂದ ಪಾಡ್‌ನ ವಿಳಾಸವನ್ನು ಎಲ್ಲಿಯೂ ಬರೆದಿಡತಕ್ಕದ್ದಲ್ಲ.

ಬರೆದಿಡಬೇಕಾದುದು ಹೆಸರನ್ನು. ಹೆಸರಿನಿಂದ ವಿಳಾಸವನ್ನು ತಿಳಿಯುವ ಪದ್ಧತಿ ಕ್ಲಸ್ಟರಿಗಿಂತ ಹಳೆಯದು. ಆರ್ಪಾನೆಟ್‌ನ ಕಾಲದಲ್ಲಿ ಎಲ್ಲ ಯಂತ್ರಗಳ ಹೆಸರುಗಳಿದ್ದ ಒಂದೇ ಕಡತವನ್ನು ಕ್ಯಾಲಿಫೋರ್ನಿಯದ ಒಂದು ಕೇಂದ್ರದಲ್ಲಿ ಇಟ್ಟು, ಉಳಿದವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಇದು ಅಸಾಧ್ಯವಾಗಿ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ಎಂಬ ಶ್ರೇಣೀಕೃತ ವ್ಯವಸ್ಥೆಯನ್ನು ರೂಪಿಸಿದರು. ಕ್ಲಸ್ಟರ್ ತನ್ನೊಳಗೆ ಇದೇ ಡಿಎನ್‌ಎಸ್‌ನ ಚಿಕ್ಕ ರೂಪವನ್ನು ಇಟ್ಟುಕೊಂಡಿದೆ.

ಅದರ ಕೆಲಸ ಹೀಗೆ. ಒಂದೇ ಕಾರ್ಯ ಮಾಡುವ ಪಾಡ್‌ಗಳ ಗುಂಪಿಗೆ ನಾವು ಸರ್ವೀಸ್ ಎಂಬ ನೋಂದಣಿಯನ್ನು ಮಾಡುತ್ತೇವೆ. ಅದಕ್ಕೊಂದು ಹೆಸರು, ಒಂದು ಸ್ಥಿರವಾದ ಐಪಿ ವಿಳಾಸ. ಈ ವಿಳಾಸದಲ್ಲಿ ನಿಜವಾಗಿ ಯಾವ ಯಂತ್ರವೂ ಇರುವುದಿಲ್ಲ. ಅಲ್ಲಿಗೆ ಬಂದ ಕೋರಿಕೆಯನ್ನು ಆ ಕ್ಷಣದಲ್ಲಿ ಸಿದ್ಧವಾಗಿರುವ ಯಾವುದಾದರೊಂದು ಪಾಡ್‌ಗೆ ತಿರುಗಿಸುವ ನಿಯಮಗಳು ಪ್ರತಿ ಯಂತ್ರದಲ್ಲಿಯೂ ಇರುತ್ತವೆ. ಹೆಸರನ್ನು ಕೇಳಿದವರಿಗೆ ವಿಳಾಸವನ್ನು ಹೇಳುವ ಕೆಲಸ ಕೋರ್‌ಡಿಎನ್‌ಎಸ್ ಎಂಬ ತಂತ್ರಾಂಶದ್ದು. 2018ರ ಕೊನೆಯಲ್ಲಿ ಬಂದ 1.13ನೆಯ ಆವೃತ್ತಿಯಿಂದ ಕುಬರ್ನೆಟೀಸ್ ಇದನ್ನೇ ರೂಢಿಯ ಆಯ್ಕೆಯಾಗಿ ಸ್ವೀಕರಿಸಿದೆ. ಅದಕ್ಕೂ ಮೊದಲು ಆ ಜಾಗದಲ್ಲಿದ್ದುದು ಕ್ಯೂಬ್-ಡಿಎನ್‌ಎಸ್. ತಂತ್ರಾಂಶ ಬದಲಾದರೂ ಅದರ ಸರ್ವೀಸಿನ ಹೆಸರು ಇಂದಿಗೂ ಕ್ಯೂಬ್-ಡಿಎನ್‌ಎಸ್ ಎಂದೇ ಇರುವುದು ಗಮನಾರ್ಹ. ಹೊಸ ತಾಲೂಕು ಕಚೇರಿಗೆ ಹಳೆಯ ಫಲಕವನ್ನೇ ಹಾಕಿಕೊಂಡಂತೆ ಕಂಡರೂ, ಆ ಹೆಸರನ್ನು ನೆಚ್ಚಿಕೊಂಡಿದ್ದವರಿಗೆ ತೊಂದರೆಯಾಗಬಾರದೆಂಬ ವಿವೇಕ ಅದರಲ್ಲಿದೆ.

ಸೇವೆಯ ಪೂರ್ಣನಾಮಕ್ಕೆ ಶ್ರೇಣಿಯಿದೆ: ಮೊದಲು ಸೇವೆಯ ಹೆಸರು, ಬಳಿಕ ಅದು ಸೇರಿದ ನೇಮ್‌ಸ್ಪೇಸ್ ಅಂದರೆ ನಾಮವಲಯ, ಕೊನೆಯಲ್ಲಿ ‘ಎಸ್‌ವಿಸಿ.ಕ್ಲಸ್ಟರ್.ಲೋಕಲ್’ ಎಂಬ ಸಮಾನ ಭಾಗ. ಒಂದು ಗ್ರಂಥಾಲಯವು ‘ಶಾಸನ’ ಮತ್ತು ‘ಹಸ್ತಪ್ರತಿ’ ಎಂಬ ಎರಡು ನಾಮವಲಯಗಳನ್ನು ಮಾಡಿ, ಎರಡರಲ್ಲಿಯೂ ‘ಶೋಧ’ ಎಂಬ ಸೇವೆಯನ್ನು ಇಟ್ಟಿದೆ ಎಂದು ಭಾವಿಸೋಣ. (ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ, ವಾಸ್ತವವಾಗಿ ಸೇವೆಯ ಹೆಸರಿನಲ್ಲಿ ರೋಮನ್ ಸಣ್ಣಕ್ಷರ, ಅಂಕಿ ಮತ್ತು ಅಡ್ಡಗೆರೆಗಳಿಗೆ ಮಾತ್ರ ಅವಕಾಶವಿದ್ದು, 63 ಅಕ್ಷರಗಳನ್ನು ಮೀರುವಂತಿಲ್ಲ.) ಶಾಸನ ವಲಯದೊಳಗಿನ ಪಾಡ್ ಬರಿದೇ ‘ಶೋಧ’ ಎಂದರೆ ಶಾಸನಶೋಧವೂ, ಹಸ್ತಪ್ರತಿ ವಲಯದ ಪಾಡ್ ಹಾಗೆಂದರೆ ಹಸ್ತಪ್ರತಿಶೋಧವೂ ದೊರೆಯುತ್ತದೆ. ಈ ಭಾಗದ ಜನರಿಗೆ ಇದು ಹೊಸತೇನಲ್ಲ. ‘ಹೊಳಿ’ ಎಂಬ ಮಾತಿಗೆ ಬಾಗಲಕೋಟೆಯಲ್ಲಿ ಘಟಪ್ರಭೆ ಎಂದೂ, ಪಟ್ಟದಕಲ್ಲಿನಲ್ಲಿ ಮಲಪ್ರಭೆ ಎಂದೂ ಅರ್ಥ. ಎರಡು ಹೊಳೆಗಳನ್ನೂ ಬಲ್ಲವನು ಹೊರಗಿನವರೊಡನೆ ಮಾತನಾಡುವಾಗ ಪೂರ್ತಿ ಹೆಸರನ್ನು ಹೇಳುತ್ತಾನೆ.

ಮಾತನಾಡುವವನ ವಲಯವನ್ನು ಕ್ಲಸ್ಟರ್ ತಿಳಿಯುವುದು ಪ್ರತಿ ಪಾಡ್‌ನೊಳಗಿರುವ ‘ರಿಸಾಲ್ವ್.ಕಾನ್ಫ್’ ಎಂಬ ಚಿಕ್ಕ ಕಡತದಿಂದ. ಅದನ್ನು ಬರೆಯುವುದು ಯಂತ್ರದ ಮೇಲ್ವಿಚಾರಕನಾದ ಕ್ಯೂಬ್‌ಲೆಟ್. ಕೋರ್‌ಡಿಎನ್‌ಎಸ್‌ನ ವಿಳಾಸ (ಕ್ಯೂಬ್‌ಆಡ್ಮ್ ಮೂಲಕ ಸ್ಥಾಪಿಸಿದಲ್ಲಿ ಸಾಮಾನ್ಯವಾಗಿ 10.96.0.10), ಚಿಕ್ಕ ಹೆಸರಿಗೆ ಅನುಕ್ರಮವಾಗಿ ಜೋಡಿಸಿ ನೋಡಬೇಕಾದ ಮೂರು ಬಾಲಗಳು, ಮತ್ತು ‘ಎನ್‌ಡಾಟ್ಸ್’ ಎಂಬ ಸಂಖ್ಯೆ ಅದರಲ್ಲಿರುತ್ತವೆ. ಈ ಸಂಖ್ಯೆ 5. ಅಂದರೆ ಐದಕ್ಕಿಂತ ಕಡಿಮೆ ಚುಕ್ಕೆಗಳಿರುವ ಹೆಸರನ್ನು ಮೊದಲು ಕ್ಲಸ್ಟರಿನ ಒಳಗಿನದೆಂದೇ ಬಗೆದು ಹುಡುಕಬೇಕು. ಒಳಗಿನ ಸೇವೆಗಳಿಗೆ ಇದು ಅನುಕೂಲ. ಆದರೆ ಎರಡೇ ಚುಕ್ಕೆಗಳಿರುವ ಹೊರಗಿನ ಜಾಲತಾಣದ ಹೆಸರಿಗೆ ಮೂರು ಬಾಲಗಳನ್ನೂ ಜೋಡಿಸಿ ನೋಡಿ, ಮೂರು ಬಾರಿಯೂ ಇಲ್ಲವೆನಿಸಿಕೊಂಡು, ನಾಲ್ಕನೆಯ ಬಾರಿ ಹೊರಗೆ ಕೇಳಲಾಗುತ್ತದೆ. ಐಪಿ ವಿಳಾಸದ ಎರಡು ಬಗೆಗಳಿಗೂ ಪ್ರತ್ಯೇಕವಾಗಿ ಕೇಳುವ ತಂತ್ರಾಂಶವಾದರೆ ವ್ಯರ್ಥ ಪ್ರಶ್ನೆಗಳು ಆರು. ಹೊರಗಿನ ಸೂಚಿಗಳಿಂದ ಗ್ರಂಥವಿವರ ತರಿಸಿಕೊಳ್ಳುವ ಗ್ರಂಥಾಲಯಕ್ಕೆ ಇದು ಸಣ್ಣ ಹೊರೆಯಲ್ಲ. ಹೊರಗಿನ ಹೆಸರಿನ ಕೊನೆಗೆ ಒಂದು ಚುಕ್ಕೆಯನ್ನಿಟ್ಟರೆ ಅದು ಪೂರ್ಣನಾಮವೆಂದು ತಿಳಿದು ನೇರವಾಗಿ ಹುಡುಕಲಾಗುತ್ತದೆ.

ಸ್ಥಾಪನೆಯ ಕ್ರಮ ದೀರ್ಘವಾದುದಲ್ಲ. ಕ್ಯೂಬ್‌ಲೆಟ್‌ನ ವಿನ್ಯಾಸದಲ್ಲಿ ಡಿಎನ್‌ಎಸ್ ವಿಳಾಸ ಹಾಗೂ ಕ್ಲಸ್ಟರಿನ ನಾಮಾಂತ್ಯವನ್ನು ನಮೂದಿಸಬೇಕು; ಕೋರ್‌ಡಿಎನ್‌ಎಸ್‌ನ ಕನಿಷ್ಠ ಎರಡು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಓಡಿಸಬೇಕು; ಜಾಲದ ಕಾವಲು ನಿಯಮಗಳಿದ್ದಲ್ಲಿ 53ನೆಯ ದ್ವಾರವನ್ನು ಯುಡಿಪಿ, ಟಿಸಿಪಿ ಎರಡಕ್ಕೂ ತೆರೆದಿರಿಸಬೇಕು. ಶ್ರಮವಿರುವುದು ದೋಷ ಕಂಡುಬಂದಾಗ. ಕೋರ್‌ಡಿಎನ್‌ಎಸ್ ಮತ್ತೆ ಮತ್ತೆ ನಿಂತುಹೋಗುತ್ತಿದ್ದರೆ ಒಂದು ಸಾಮಾನ್ಯ ಕಾರಣ ಪ್ರಶ್ನೆಗಳ ಸುತ್ತಾಟ. ತನಗೆ ತಿಳಿಯದ ಹೆಸರನ್ನು ಅದು ಯಂತ್ರದ ರಿಸಾಲ್ವ್.ಕಾನ್ಫ್ ತೋರಿಸಿದ ಕಡೆಗೆ ಕಳುಹಿಸುತ್ತದೆ. ಆ ಕಡತವು 127.0.0.53 ಎಂಬ ಸ್ವಂತ ಯಂತ್ರದ ವಿಳಾಸವನ್ನು ತೋರಿಸಿದರೆ, ಪಾಡ್‌ನೊಳಗೆ ಅದರ ಅರ್ಥ ‘ನೀನೇ’ ಎಂದಾಗಿ ಪ್ರಶ್ನೆ ಕೇಳಿದವನಿಗೇ ಮರಳುತ್ತದೆ. ಇದನ್ನು ಪತ್ತೆಹಚ್ಚುವ ‘ಲೂಪ್’ ಎಂಬ ಅಂಗವು ಕೋರ್‌ಡಿಎನ್‌ಎಸ್ ಅನ್ನು ನಿಲ್ಲಿಸಿಬಿಡುತ್ತದೆ. ಆ ಅಂಗವನ್ನು ತೆಗೆದುಹಾಕುವುದು ಅವಸರದ ಉಪಾಯ, ಸರಿಯಾದುದಲ್ಲ. ಹೊರಗಿನ ನಿಜವಾದ ಡಿಎನ್‌ಎಸ್ ವಿಳಾಸಗಳಿರುವ ಕಡತವನ್ನು ಕ್ಯೂಬ್‌ಲೆಟ್‌ಗೆ ತೋರಿಸಬೇಕು.

ಇನ್ನೊಂದು ದೋಷ ಇದಕ್ಕಿಂತ ಮೋಸಗೊಳಿಸುವಂಥದು. ಹೆಸರಿಗೆ ವಿಳಾಸ ದೊರೆಯುತ್ತದೆ, ಸಂಪರ್ಕ ಮಾತ್ರ ಆಗುವುದಿಲ್ಲ. ಸರ್ವೀಸಿನ ಗುರುತುಪಟ್ಟಿಯು ಪಾಡ್‌ಗಳ ಗುರುತುಪಟ್ಟಿಗೆ ಹೊಂದದಿದ್ದರೆ, ಅಥವಾ ಪಾಡ್ ಇನ್ನೂ ಸಿದ್ಧವಾಗಿರದಿದ್ದರೆ, ಫಲಕವಿದ್ದೂ ಅಂಗಡಿಯಿಲ್ಲದ ಸ್ಥಿತಿ. ಆದುದರಿಂದ ಹೆಸರಿನ ಉತ್ತರವನ್ನು ಒಂದು ಪಾಡ್‌ನ ಒಳಗಿನಿಂದಲೇ ಪರೀಕ್ಷಿಸಿ, ಬಳಿಕ ಆ ಸರ್ವೀಸಿನ ಹಿಂದೆ ಪಾಡ್‌ಗಳಿವೆಯೇ ಎಂದು ನೋಡುವುದು ಯುಕ್ತ. ಒಮ್ಮೆ ಪಡೆದ ವಿಳಾಸವನ್ನು ಕೊನೆಯವರೆಗೂ ನೆನಪಿಟ್ಟುಕೊಳ್ಳುವ ತಂತ್ರಾಂಶಗಳೂ ಇವೆ. ಸ್ಥಿರ ವಿಳಾಸವಿಲ್ಲದೆ ನೇರವಾಗಿ ಪಾಡ್‌ಗಳ ವಿಳಾಸಗಳನ್ನೇ ಕೊಡುವ ಹೆಡ್‌ಲೆಸ್ ಸರ್ವೀಸಿನೊಡನೆ, ಅಂದರೆ ದತ್ತಾಂಶ ಭಂಡಾರಗಳಿಗೆ ಹೆಚ್ಚಾಗಿ ಬಳಸುವ ಬಗೆಯೊಡನೆ, ಇಂತಹವು ಅಳಿದುಹೋದ ಪಾಡ್‌ನ ಬಾಗಿಲನ್ನೇ ತಟ್ಟುತ್ತಿರುತ್ತವೆ.

ಹೆಸರಿಡುವ ವಿಚಾರದಲ್ಲಿ ಸ್ಥಳನಾಮಗಳ ಅಧ್ಯಯನಕಾರರಿಗೆ ತಿಳಿದುದನ್ನು ಗಣಕತಜ್ಞರು ತಡವಾಗಿ ಕಲಿಯುತ್ತಿದ್ದಾರೆ ಎಂದು ನನ್ನ ಅಭಿಪ್ರಾಯ. ಆಡಳಿತದ ಶ್ರೇಣಿಯನ್ನು ಹೆಸರಿನೊಳಗೆ ಸೇರಿಸಬಾರದು. ಇಳಕಲ್ಲಿನ ಸೀರೆಗಳ ಚಿತ್ರಸಂಗ್ರಹಕ್ಕೆ ‘ಹುನಗುಂದ-ಇಳಕಲ್-ಚಿತ್ರ’ ಎಂದು ಹೆಸರಿಟ್ಟಿದ್ದರೆ ಅದು ಇಂದು ತಪ್ಪು ಹೆಸರು. ಕಾಗುಣಿತವನ್ನೂ ಮೊದಲೇ ನಿರ್ಧರಿಸಿಕೊಳ್ಳಬೇಕು: ರೋಮನ್ ಲಿಪಿಯಲ್ಲಿ ಬಾಗಲಕೋಟೆಗೆ ಕೊನೆಯ ಸ್ವರವಿರುವ ಮತ್ತು ಇಲ್ಲದ ಎರಡು ರೂಪಗಳು ಬಳಕೆಯಲ್ಲಿವೆ, ಡಿಎನ್‌ಎಸ್‌ಗೆ ಅವು ಎರಡು ಊರುಗಳು. ವಾತಾಪಿಯನ್ನು ಕೇಳಿದವನಿಗೆ ಬಾದಾಮಿಯನ್ನೂ, ಕಿಸುವೊಳಲನ್ನು ಕೇಳಿದವನಿಗೆ ಪಟ್ಟದಕಲ್ಲನ್ನೂ ತೋರಿಸುವುದು ಗ್ರಂಥಸೂಚಿಯ ಕೆಲಸ. ಅದನ್ನು ಡಿಎನ್‌ಎಸ್‌ನಿಂದ ನಿರೀಕ್ಷಿಸಲಾಗದು.

ಆದರೂ ನಾಮವಲಯವು ಪೂರ್ಣನಾಮದ ಭಾಗವಾಗಿರುವುದರಿಂದ, ಸೇವೆಯನ್ನು ಒಂದು ವಲಯದಿಂದ ಇನ್ನೊಂದಕ್ಕೆ ಸಾಗಿಸಿದಾಗ ಹಳೆಯ ಪೂರ್ಣನಾಮವನ್ನು ನೆಚ್ಚಿದವರೆಲ್ಲ ದಾರಿತಪ್ಪುತ್ತಾರೆ. ಅಂತಹಲ್ಲಿ ಹಳೆಯ ವಲಯದಲ್ಲಿ ಅದೇ ಹೆಸರಿನ ‘ಎಕ್ಸ್‌ಟರ್ನಲ್‌ನೇಮ್’ ಬಗೆಯ ಸರ್ವೀಸನ್ನು ಉಳಿಸಿ, ಅದರಲ್ಲಿ ಹೊಸ ಪೂರ್ಣನಾಮವನ್ನು ಬರೆಯಬಹುದು. ಕೇಳಿದವರಿಗೆ ಅದು ವಿಳಾಸದ ಬದಲು ಹೊಸ ಹೆಸರನ್ನೇ ಉತ್ತರವಾಗಿ ಕೊಡುತ್ತದೆ. ಭದ್ರತಾ ಪ್ರಮಾಣಪತ್ರವು ಹೊಸ ಹೆಸರಿಗೆ ಮಾತ್ರ ಇದ್ದಲ್ಲಿ ಹಳೆಯ ಹೆಸರಿನಿಂದ ಬಂದವರನ್ನು ತಂತ್ರಾಂಶ ತಡೆಯುತ್ತದೆ. ಪ್ರಮಾಣಪತ್ರದಲ್ಲಿ ಎರಡೂ ಹೆಸರುಗಳನ್ನು ಸೇರಿಸಿಕೊಳ್ಳಬೇಕು.