ರೇಸಿಂಗ್ ತಂಡಕ್ಕೆ ರೆಸ್ಯೂಮ್ ಬರೆಯೋದು ಹೇಗೆ?

ಶಿವಮೊಗ್ಗದಲ್ಲಿ ಓದಿದೋರಿಗೆ
ರೇಸಿಂಗ್ ತಂಡದಲ್ಲಿ ಕೆಲಸ ಸಿಗುತ್ತಾ?
ಯಾಕೆ ಸಿಗಲ್ಲ!

ಟಿವಿಎಸ್ ರೇಸಿಂಗ್ ಇರೋದು ಇಲ್ಲೇ ಹೊಸೂರಲ್ಲಿ.
1982ರಿಂದ ರೇಸ್‌ನಲ್ಲಿದ್ದಾರೆ.
ನಮ್ಮ ಉಡುಪಿಯ ಕೆ.ಪಿ. ಅರವಿಂದ್
2019ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ್ದು
ಟಿವಿಎಸ್ ಜೊತೆಗೇ.

ಆದ್ರೆ ರೆಸ್ಯೂಮ್‌ನಲ್ಲಿ
‘ರೇಸಿಂಗ್ ಅಂದ್ರೆ ನನಗೆ ಪ್ರಾಣ’ ಅಂತ ಬರೀಬೇಡಿ.
ಎಲ್ಲರೂ ಅದನ್ನೇ ಬರೀತಾರೆ.
ನಿಮ್ಮ ಕೈಯಾರೆ ಮಾಡಿದ್ದು ಬರೀರಿ.

ಕಾಲೇಜಿನಲ್ಲಿ ಸ್ಪರ್ಧೆಗೆ ಗಾಡಿ ಕಟ್ಟೋ ಬಾಹಾ ತಂಡದಲ್ಲಿದ್ರಾ?
‘ತಂಡದ ಸದಸ್ಯ’ ಅಂದ್ರೆ ಸಾಲದು.
ಬ್ರೇಕ್ ನಿಮ್ಮದಾ? ಸಸ್ಪೆನ್ಷನ್ನಾ?
ಎಷ್ಟು ಕಿಲೋ ತೂಕ ಇಳಿಸಿದ್ರಿ?
ಏನು ಮುರೀತು, ಹೇಗೆ ಸರಿಮಾಡಿದ್ರಿ?
ಆಯ್ಕೆ ಮಾಡೋ ಇಂಜಿನಿಯರ್ ಹುಡುಕೋದು ಆ ಸಾಲನ್ನೇ.

ಭದ್ರಾವತಿಯವರೇ,
1923ರಿಂದ ಕಬ್ಬಿಣ ಕರಗಿಸಿದ ಊರು ನಿಮ್ಮದು!
ಮಾಚೇನಹಳ್ಳಿ ಫೌಂಡ್ರಿಯಲ್ಲಿ ದುಡಿದಿದ್ರೆ,
ಲೇತ್, ವೆಲ್ಡಿಂಗ್ ಬಂದ್ರೆ,
ಮುಚ್ಚಿಡಬೇಡಿ.
ಮೇಲ್ಗಡೆನೇ ಹಾಕಿ.

ರೇಸ್ ಬೈಕಲ್ಲಿ ದಂಡದ ಬೋಲ್ಟ್ ಒಂದೂ ಇರಲ್ಲ.
ರೆಸ್ಯೂಮೂ ಹಾಗೇ.
ಒಂದೇ ಪುಟ.
ಅಪ್ಪನ ಹೆಸರು, ಹವ್ಯಾಸ, ಡಿಕ್ಲರೇಷನ್
ಎಲ್ಲ ತೆಗೀರಿ.

ಅನುಭವ ಇಲ್ವಾ?
ಚಿಕ್ಕಮಗಳೂರಲ್ಲಿ ರ‍್ಯಾಲಿ ನಡೆದಾಗ
ಆಯೋಜಿಸೋ ಕ್ಲಬ್‌ನವರನ್ನ ಕೇಳಿ,
ಮಾರ್ಷಲ್ ಆಗಿ ನಿಲ್ಲಿ.
ಧೂಳು ಕುಡಿದ್ರೂ ಪರವಾಗಿಲ್ಲ,
ರೆಸ್ಯೂಮ್‌ಗೆ ನಿಜವಾದ ಮೊದಲ ಸಾಲು ಸಿಗುತ್ತೆ.

ಇವತ್ತೇ ಬರೆಯೋಕೆ ಕೂತ್ಕೊಳ್ಳಿ.