'ಏಲಿಯನ್ ನಮ್ಮ ನಡುವೆಯೇ ಇದೆ' ಎಂದರೇ ರೇಗನ್? ಭಾಷಣದಲ್ಲಿ ಇದ್ದದ್ದೇನು?

ಹಾರುವ ತಟ್ಟೆ, ಅನ್ಯಗ್ರಹ ಜೀವಿಗಳ ಬಗ್ಗೆ ಗಣ್ಯರು ಹೇಳಿದರೆಂದು ಹರಿದಾಡುವ ಮಾತುಗಳೆಲ್ಲ ಕಟ್ಟುಕಥೆಯಲ್ಲ. ಕೆಲವು ನಿಜವಾಗಿ ಆಡಿದವೇ, ಆದರೆ ಅರ್ಧಕ್ಕೆ ಕತ್ತರಿಸಿದವು. ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಅವರದನ್ನೇ ನೋಡಿ.

1987ರ ಸೆಪ್ಟೆಂಬರ್ 21ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಅವರು, ಭೂಮಿಯಾಚೆಯಿಂದ ಬೆದರಿಕೆ ಬಂದರೆ ದೇಶಗಳ ನಡುವಿನ ಭಿನ್ನಾಭಿಪ್ರಾಯಗಳು ಬೇಗನೆ ಮಾಯವಾದಾವು ಎಂದಿದ್ದರು. 'ಏಲಿಯನ್' ಶಕ್ತಿಯೊಂದು ಈಗಾಗಲೇ ನಮ್ಮ ನಡುವೆ ಇಲ್ಲವೇ ಎಂದೂ ಕೇಳಿದ್ದರು. ಕತ್ತರಿ ಬೀಳುವುದು ಇಲ್ಲಿಗೇ. ಮರುವಾಕ್ಯದಲ್ಲೇ ಉತ್ತರವಿದೆ: ಜನರ ಆಶಯಗಳಿಗೆ ಯುದ್ಧ ಮತ್ತು ಯುದ್ಧದ ಬೆದರಿಕೆಗಿಂತ 'ಏಲಿಯನ್' ಆದದ್ದು ಇನ್ನೇನಿದೆ? ಇಂಗ್ಲಿಷಿನ ಆ ಪದಕ್ಕೆ ಅನ್ಯಗ್ರಹ ಜೀವಿ, ಪರಕೀಯ ಎಂಬ ಎರಡೂ ಅರ್ಥಗಳಿವೆ. ಕನ್ನಡಕ್ಕೆ ಬರುವಾಗ ಮೊದಲನೆಯದಷ್ಟೇ ಉಳಿದರೆ, ರೇಗನ್ ಗುಟ್ಟು ಬಿಟ್ಟುಕೊಟ್ಟಂತೆ ಕೇಳಿಸುತ್ತದೆ.

ಜನರಲ್ ಡಗ್ಲಾಸ್ ಮೆಕಾರ್ಥರ್ ಹೆಸರಿನಲ್ಲಿರುವ 'ಮುಂದಿನ ಯುದ್ಧ ಗ್ರಹಗಳ ನಡುವೆ' ಎಂಬ ಮಾತಿನ ತೊಡಕು ಬೇರೆ. 1955ರಲ್ಲಿ ಅದನ್ನು ಪತ್ರಕರ್ತರಿಗೆ ತಿಳಿಸಿದವರು, ಅವರನ್ನು ಭೇಟಿಯಾಗಿದ್ದ ಇಟಲಿಯ ನೇಪಲ್ಸ್ ನಗರದ ಮೇಯರ್. ಅಂದರೆ ಅದು ಇನ್ನೊಬ್ಬರ ಬಾಯಿಂದ ಬಂದದ್ದು. 1962ರ ಮೇ 12ರಂದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಮೆಕಾರ್ಥರ್ ಅನ್ಯಗ್ರಹ ಶಕ್ತಿಗಳೊಂದಿಗಿನ ಸಂಘರ್ಷವನ್ನು ಪ್ರಸ್ತಾಪಿಸಿದ್ದು ಮಾತ್ರ ನಿಜ. ಆ ಭಾಷಣದ ಧ್ವನಿಮುದ್ರಣವೇ ಇದೆ. ಆದರೆ ಅಲ್ಲಿರುವುದು ದೂರದ ಭವಿಷ್ಯದ ಊಹೆ, ಹಾರುವ ತಟ್ಟೆ ಕಂಡ ಸಾಕ್ಷ್ಯವಲ್ಲ.